ನೋಟರಿಯ ಮೇಜಿನಿಂದ ಅಜ್ಜಿಯ ಬಚ್ಚಲಮನೆಗೆ

ಫ್ರಾನ್ಸಿನಲ್ಲಿ ಹಳೆಯ ಮನೆ ಕೊಳ್ಳುವವರು ಕೊನೆಗೆ ಬಂದು ಕೂರುವುದು ಕ್ರಯಪತ್ರ ಮಾಡಿಕೊಡುವ ನೋಟರಿಯ ಮೇಜಿನ ಮುಂದೆ. ಕಾಗದದಲ್ಲಿ ಮನೆಯ ಬೆಲೆಯ ಕೆಳಗೆ ಇನ್ನೊಂದು ಮೊತ್ತ ಇರುತ್ತದೆ. 2 ಲಕ್ಷ ಯೂರೋ ಮನೆಯಾದರೆ ಅದು ಸುಮಾರು 15ರಿಂದ 16 ಸಾವಿರ. ಜನ ಅದನ್ನು 'ನೋಟರಿ ಖರ್ಚು' ಅಂತಲೇ ಕರೆಯುತ್ತಾರೆ, ನೋಟರಿಯನ್ನು ಮನಸಾರೆ ಬೈದುಕೊಳ್ಳುತ್ತಾರೆ. ಪಾಪ, ಅವರಿಗೆ ಸಿಗುವುದು ಅದರಲ್ಲಿ ಚಿಕ್ಕ ಪಾಲು. ದೊಡ್ಡ ಪಾಲು, ಅಂದರೆ ಮನೆ ಬೆಲೆಯ ನೂರಕ್ಕೆ 4.5, ಈಗ ಹೆಚ್ಚಿನ ಕಡೆ 5, ಹೋಗುವುದು ಆ ಜಿಲ್ಲೆಯ ಚುನಾಯಿತ ಪರಿಷತ್ತಿಗೆ.

ಆ ಹಣ ಬೇರೆ ಹಣದ ಜೊತೆ ಸೇರಿ ಎಲ್ಲೆಲ್ಲಿಗೋ ಹರಿಯುತ್ತದೆ. ಬೆಟ್ಟದ ಹಳ್ಳಿಯೊಂದರಲ್ಲಿ ಒಬ್ಬಳೇ ಇರುವ ಅಜ್ಜಿಗೆ ಬೆಳಗ್ಗೆ ಬಂದು ಸ್ನಾನ ಮಾಡಿಸುವ ಹೆಂಗಸಿನ ಸಂಬಳಕ್ಕೆ. ಮನೆಯವರಿಂದ ದೂರ ಇಟ್ಟ ಮಗುವಿನ ಊಟಕ್ಕೆ. ರಸ್ತೆಯ ಗುಂಡಿಗೆ. ಫ್ರಾನ್ಸಿನ ಜಿಲ್ಲಾ ಪರಿಷತ್ತುಗಳು ಈಗ ಯಾಕೆ ಉಸಿರು ಕಟ್ಟಿದವರ ಹಾಗೆ ಒದ್ದಾಡುತ್ತಿವೆ ಅನ್ನುವುದನ್ನು ತಿಳಿಯಲು ಈ ನೋಟರಿಯ ಮೇಜಿನಿಂದಲೇ ಶುರು ಮಾಡುವುದು ಒಳ್ಳೆಯದು.

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ಫ್ರೆಂಚರು ಇದನ್ನು 'ದೆಪಾರ್ತ್‌ಮಾಂ' ಅನ್ನುತ್ತಾರೆ. ಕಾಗುಣಿತ ನೋಡಿ 'ಇಲಾಖೆ' ಅಂತ ತಿಳಿದುಕೊಂಡರೆ ಎಲ್ಲವೂ ತಲೆಕೆಳಗು. ಅದು ಜಿಲ್ಲೆ. ಮಹಾಕ್ರಾಂತಿಯ ಮರುವರ್ಷ, 1790ರಲ್ಲಿ, ಹಳೆಯ ಪ್ರಾಂತಗಳನ್ನು ಒಡೆದು 83 ಜಿಲ್ಲೆ ಮಾಡಿದರು. ಮೊದಲಿಗೆ ದೇಶದ ನಕ್ಷೆಯ ಮೇಲೆ ಚೌಕಗಳನ್ನೇ ಎಳೆಯುವ ಯೋಚನೆಯೂ ಇತ್ತು. ಸದ್ಯ, ಯಾರೋ ನದಿ, ಬೆಟ್ಟ ನೋಡಿ ಗೆರೆ ಬಾಗಿಸಿದರು. ರಾಜರ ನೆನಪು ಬೇಡವೆಂದು ಹೆಸರುಗಳನ್ನೂ ನದಿ, ಬೆಟ್ಟಗಳಿಂದಲೇ ತೆಗೆದುಕೊಂಡರು. ಜಿಲ್ಲೆಯ ಯಾವ ಮೂಲೆಯಿಂದ ಹೊರಟರೂ ಕುದುರೆಯ ಮೇಲೆ ಒಂದು ದಿನದಲ್ಲಿ ಜಿಲ್ಲಾ ಕೇಂದ್ರ ಸೇರಬೇಕು ಅನ್ನುವುದು ಅಳತೆಗೋಲಾಗಿತ್ತು ಎಂದು ಅಲ್ಲಿನ ಶಾಲಾ ಮಕ್ಕಳೂ ಹೇಳುತ್ತಾರೆ. ಈಗ 101 ಜಿಲ್ಲೆಗಳಿವೆ, ಅದರಲ್ಲಿ 5 ಸಮುದ್ರದಾಚೆ. ಹೆಚ್ಚಿನ ಕಡೆ ಪಿನ್ ಕೋಡಿನ ಮೊದಲ ಎರಡು ಅಂಕಿ ಜಿಲ್ಲೆಯ ನಂಬರೇ. ಕಾರಿನ ನಂಬರ್ ಪ್ಲೇಟಿನ ತುದಿಯಲ್ಲೂ ಅದೇ ಅಂಕಿ ಹಾಕಿಸಿಕೊಂಡು ಜಂಬಪಡುವವರು ಬೇಕಾದಷ್ಟಿದ್ದಾರೆ.

ಹೆಚ್ಚುಕಮ್ಮಿ ಪ್ರತಿ ಜಿಲ್ಲೆಯಲ್ಲೂ ಅಧಿಕಾರದ ಎರಡು ಕುರ್ಚಿ. ಒಂದು ಪ್ರಿಫೆಕ್ಟ್‌ನದು. 1800ರಲ್ಲಿ ನೆಪೋಲಿಯನ್ ಹುಟ್ಟುಹಾಕಿದ ಹುದ್ದೆ ಇದು. ಪ್ಯಾರಿಸ್ಸಿನಿಂದ ಬಂದ ಅಧಿಕಾರಿ, ನಮ್ಮ ಡಿಸಿ ಇದ್ದ ಹಾಗೆ. ಇನ್ನೊಂದು ಚುನಾಯಿತ ಪರಿಷತ್ತಿನ ಅಧ್ಯಕ್ಷರದು. ಸುಮಾರು 180 ವರ್ಷ ಪರಿಷತ್ತು ಮಾತಾಡುವುದು, ಪ್ರಿಫೆಕ್ಟ್ ಮಾಡುವುದು ಅನ್ನುವ ಹಾಗೆ ನಡೆಯಿತು. ಜಿಲ್ಲೆಯ ಬಜೆಟ್ ತಯಾರಿಸಿ ಜಾರಿ ಮಾಡುತ್ತಿದ್ದವನೂ ಪ್ರಿಫೆಕ್ಟೇ. 1982ರ ಮಾರ್ಚ್ 2ರ ಕಾನೂನು ಆ ಪೆನ್ನನ್ನು ಅವನ ಕೈಯಿಂದ ತೆಗೆದು ಅಧ್ಯಕ್ಷರ ಕೈಗೆ ಕೊಟ್ಟಿತು. ಆಗ ಗೃಹಮಂತ್ರಿ ಗಸ್ತೋಂ ದೆಫೆರ್. ಈಗ ಪೊಲೀಸು, ಕಾನೂನು-ಸುವ್ಯವಸ್ಥೆ ಪ್ರಿಫೆಕ್ಟ್‌ನ ಕೈಯಲ್ಲಿ. ಪರಿಷತ್ತಿನ ನಿರ್ಣಯ ಕಾನೂನಿಗೆ ಒಪ್ಪುತ್ತದೋ ಇಲ್ಲವೋ ಎಂದು ಆಮೇಲೆ ನೋಡಬಹುದು, ಒಪ್ಪದಿದ್ದರೆ ಕೋರ್ಟಿಗೆ ಹೋಗಬಹುದು. ಬೇಡ ಅನ್ನುವ ಅಧಿಕಾರ ಅವನಿಗಿಲ್ಲ.

ಸದಸ್ಯರು ಆರಿಸಿ ಬರುವ ರೀತಿ ಮಜವಾಗಿದೆ. 2013ರ ಕಾನೂನಿನ ಪ್ರಕಾರ ಪ್ರತಿ ಕ್ಷೇತ್ರದಿಂದ ಒಬ್ಬರಲ್ಲ, ಒಂದು ಜೋಡಿ: ಒಬ್ಬ ಹೆಂಗಸು, ಒಬ್ಬ ಗಂಡಸು. ಚೀಟಿಯಲ್ಲಿ ಎರಡೂ ಹೆಸರು ಒಟ್ಟಿಗೇ ಇರುತ್ತವೆ. ಒಬ್ಬರನ್ನು ಇಟ್ಟುಕೊಂಡು ಇನ್ನೊಬ್ಬರ ಹೆಸರು ಹೊಡೆದು ಹಾಕುವ ಹಾಗಿಲ್ಲ. ಅದಕ್ಕಾಗಿ ಕ್ಷೇತ್ರಗಳ ಸಂಖ್ಯೆಯನ್ನು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸಿದರು. ಅಲ್ಲಿಯವರೆಗೆ ಈ ಪರಿಷತ್ತುಗಳಲ್ಲಿ ಹೆಂಗಸರು ನೂರಕ್ಕೆ 14 ಇದ್ದರು. 2015ರ ಚುನಾವಣೆಯಲ್ಲಿ ಒಂದೇ ಏಟಿಗೆ 50 ಆದರು. ಅಧ್ಯಕ್ಷರ ಕುರ್ಚಿಯಲ್ಲಿ ಮಾತ್ರ ಇವತ್ತಿಗೂ ಹೆಚ್ಚಾಗಿ ಗಂಡಸರೇ. ಆ ಕುರ್ಚಿಗೆ ಜೋಡಿ ಇಲ್ಲವಲ್ಲ!

ಅಷ್ಟೆಲ್ಲ ಮಾಡಿದರೂ ಜನಕ್ಕೆ ಈ ಪರಿಷತ್ತಿನ ಗುರುತು ಅಷ್ಟಕ್ಕಷ್ಟೇ. 2021ರ ಜೂನ್ ಚುನಾವಣೆಯಲ್ಲಿ ಮೂರರಲ್ಲಿ ಇಬ್ಬರು ಮತ ಹಾಕಲು ಬರಲೇ ಇಲ್ಲ. ಊರಿನ ಮೇಯರ್ ಗೊತ್ತು, ರಾಷ್ಟ್ರಾಧ್ಯಕ್ಷರು ಗೊತ್ತು. ನಡುವಿನ ಇವರು ಯಾರು?

ಇವರು ಯಾರೆಂದು ಗೊತ್ತಾಗುವುದು ಮನೆಯಲ್ಲಿ ಯಾರಿಗಾದರೂ ಕೈಲಾಗದೆ ಹೋದಾಗ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ದಕ್ಷಿಣದ ಗುಡ್ಡಗಾಡಿನಲ್ಲಿ ಲೋಝೆರ್ ಅಂತ ಒಂದು ಜಿಲ್ಲೆ. ದೇಶದಲ್ಲೇ ಅತಿ ಕಡಿಮೆ ಜನ, 80 ಸಾವಿರವೂ ಇಲ್ಲ. ಪರಿಷತ್ತಿನಲ್ಲಿ 13 ಜೋಡಿ, 26 ಸದಸ್ಯರು. ಅಲ್ಲಿನ ಹಳ್ಳಿಯೊಂದರಲ್ಲಿ 84 ವರ್ಷದ ಅಜ್ಜಿ. ಮಕ್ಕಳು ದೂರದ ಊರಲ್ಲಿ. ಸೊಂಟ ಮುರಿದು ಆಸ್ಪತ್ರೆಯಿಂದ ಬಂದಿದ್ದಾಳೆ. ಮಗಳು 'ಅಪಾ' ಅನ್ನುವ ಭತ್ಯೆಗೆ ಅರ್ಜಿ ಹಾಕುತ್ತಾಳೆ. 60 ದಾಟಿದ, ಒಬ್ಬರ ಆಸರೆ ಬೇಕಾದವರಿಗೆ 2002ರಿಂದ ಸಿಗುತ್ತಿರುವ ನೆರವು ಇದು.

ಸ್ವಲ್ಪ ದಿನಕ್ಕೆ ಪರಿಷತ್ತಿನ ಕಡೆಯವರು ಒಬ್ಬರು ಮನೆಗೆ ಬರುತ್ತಾರೆ. ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತಲೇ ಎಲ್ಲ ಗಮನಿಸುತ್ತಾರೆ. ಅಜ್ಜಿ ತಾನೇ ಏಳುತ್ತಾಳಾ? ಬಟ್ಟೆ ಹಾಕಿಕೊಳ್ಳುತ್ತಾಳಾ? ಸ್ನಾನದ ಟಬ್ಬಿನ ಅಂಚು ದಾಟಲು ಕಾಲೆತ್ತುತ್ತಾಳಾ? ಒಲೆ ಆರಿಸಲು ಮರೆಯುತ್ತಾಳಾ? ಅಜ್ಜಿಯರೆಲ್ಲ ಎಲ್ಲ ಕಡೆಯೂ ಒಂದೇ ಥರ. ಬಂದವರ ಮುಂದೆ "ನನಗೇನಾಗಿದೆ, ಎಲ್ಲ ನಾನೇ ಮಾಡಿಕೊಳ್ತೀನಿ" ಅನ್ನುತ್ತಾರೆ. ಹಿಂದೆ ನಿಂತ ಮಗಳು ತಲೆ ಅಲ್ಲಾಡಿಸುತ್ತಾಳೆ. ಕೊನೆಗೆ 1ರಿಂದ 6ರವರೆಗಿನ ಒಂದು ಮೆಟ್ಟಿಲಲ್ಲಿ ಅಜ್ಜಿಯನ್ನು ನಿಲ್ಲಿಸುತ್ತಾರೆ. 1 ಅಂದರೆ ಹಾಸಿಗೆ ಬಿಟ್ಟು ಏಳಲಾರದವರು, 6 ಅಂದರೆ ಯಾರ ಹಂಗೂ ಇಲ್ಲದವರು. 1ರಿಂದ 4ರ ಒಳಗಿದ್ದರೆ ನೆರವು. ತಿಂಗಳಿಗೆ ಇಷ್ಟು ಗಂಟೆ ಮನೆ ಸಹಾಯಕಿ, ಮನೆಗೆ ಊಟ, ಬಿದ್ದರೆ ಒತ್ತಲು ಒಂದು ಗುಂಡಿ, ಬಚ್ಚಲಲ್ಲಿ ಹಿಡಿದುಕೊಳ್ಳಲು ಸರಳು. ಮೊದಲ ಮೆಟ್ಟಿಲಿನವರಿಗೆ ತಿಂಗಳಿಗೆ 2,000 ಯೂರೋ ಆಸುಪಾಸಿನವರೆಗೂ ಸಿಗಬಹುದು. ಪಿಂಚಣಿ ತೀರಾ ಕಡಿಮೆಯಿದ್ದವರು ಕೈಯಿಂದ ಏನೂ ಹಾಕಬೇಕಿಲ್ಲ. ಜಾಸ್ತಿ ಇದ್ದವರು ನೂರಕ್ಕೆ 90ರವರೆಗೆ ತಾವೇ ಹಾಕಬೇಕು.

ಒಳ್ಳೆಯ ವ್ಯವಸ್ಥೆ, ಅಲ್ವಾ? ಆದರೆ ಇಲ್ಲಿ ಪರಿಷತ್ತಿನ ಕೈಯಲ್ಲಿ ಇರುವುದೇನು ಅಂತ ಒಮ್ಮೆ ಲೆಕ್ಕ ಹಾಕಿ. ಯಾರಿಗೆ ಕೊಡಬೇಕು ಅನ್ನುವುದು ಪ್ಯಾರಿಸ್ಸಿನ ಕಾನೂನು. ಗರಿಷ್ಠ ಎಷ್ಟು ಅನ್ನುವುದೂ ಅಲ್ಲಿಯದೇ. ಮನೆ ಸಹಾಯದ ಗಂಟೆಗೆ ಕನಿಷ್ಠ ದರ 2022ರಲ್ಲಿ 22 ಯೂರೋ, 2025ರಲ್ಲಿ 24.58. ಅದನ್ನೂ ಪ್ಯಾರಿಸ್ಸೇ ಹೇಳಿತು. ಆ ಕೆಲಸದ ಹೆಂಗಸರ ಸಂಬಳ ಏರಲೇಬೇಕಿತ್ತು, ಅದರಲ್ಲಿ ತಕರಾರಿಲ್ಲ. ಹಳ್ಳಿಯಿಂದ ಹಳ್ಳಿಗೆ ತಮ್ಮದೇ ಕಾರು ಓಡಿಸಿಕೊಂಡು ಹೋಗಿ ದಿನಕ್ಕೆ ಐದಾರು ಮನೆ ಮಾಡುವವರು ಅವರು. ಆದರೆ ಏರಿಸಿದವರು ಒಬ್ಬರು, ಚೆಕ್ ಬರೆಯುವವರು ಇನ್ನೊಬ್ಬರು.

ಇದೇ ಜಾತಿಯ ಇನ್ನೆರಡು ಭತ್ಯೆಗಳಿವೆ. ಅಂಗವಿಕಲರಿಗೆ 2005ರ ಕಾನೂನಿನಿಂದ ಬಂದದ್ದು ಒಂದು. ಆದಾಯವೇ ಇಲ್ಲದ ಬಡವರಿಗೆ ಕೊಡುವ ಆರ್‌ಎಸ್‌ಎ ಇನ್ನೊಂದು. ಒಂಟಿಯಾಗಿದ್ದವರಿಗೆ 2025ರ ಏಪ್ರಿಲ್‌ನಲ್ಲಿ ಅದು ತಿಂಗಳಿಗೆ ಸುಮಾರು 646 ಯೂರೋ ಇತ್ತು. 1988ರಲ್ಲಿ ಬೇರೆ ಹೆಸರಲ್ಲಿ ಇದು ಶುರುವಾದಾಗ ಹಣ ಕೊಡುತ್ತಿದ್ದದ್ದು ಸರ್ಕಾರವೇ. 2004ರಲ್ಲಿ ಜಿಲ್ಲೆಗಳ ಹೆಗಲಿಗೆ ಬಂತು. ಆ ವರ್ಷ ಎಷ್ಟು ಖರ್ಚಾಗುತ್ತಿತ್ತೋ ಅಷ್ಟು ಹಣವನ್ನೂ ಜೊತೆಗೆ ಕೊಟ್ಟರು. ಆಮೇಲೆ ಬಡವರ ಸಂಖ್ಯೆ ಏರಿತು, ಭತ್ಯೆ ಏರಿತು, ಜೊತೆಗೆ ಬರುವ ಹಣ ಹಿಂದೆ ಬಿತ್ತು. ಈಗ ಮೂರೂ ಭತ್ಯೆ ಸೇರಿದರೆ ಪ್ಯಾರಿಸ್ಸಿನಿಂದ ಬರುವುದು ಖರ್ಚಿನ ಹೆಚ್ಚುಕಮ್ಮಿ ಅರ್ಧ. ಮಿಕ್ಕಿದ್ದನ್ನು ಜಿಲ್ಲೆಯೇ ಹೊಂದಿಸಬೇಕು.

ಇದಕ್ಕಿಂತ ಕಷ್ಟದ ಕೆಲಸ ಮಕ್ಕಳ ರಕ್ಷಣೆ. ಮನೆಯಲ್ಲಿ ಹೊಡೆತ, ಕುಡಿತ, ಅನಾದರ ಇದ್ದರೆ ಮಕ್ಕಳ ನ್ಯಾಯಾಧೀಶರು ಆದೇಶ ಕೊಡುತ್ತಾರೆ: ಈ ಮಗುವನ್ನು ಬೇರೆ ಕಡೆ ಇಡಿ. ಎಲ್ಲಿ ಇಡಬೇಕು ಅನ್ನುವುದು ಪರಿಷತ್ತಿನ ತಲೆನೋವು. ಸಾಕು ಕುಟುಂಬ ಹುಡುಕಬೇಕು, ಇಲ್ಲವೇ ಆಶ್ರಯ ಮನೆ. ಒಬ್ಬರೇ ಗಡಿ ದಾಟಿ ಬಂದ ಪರದೇಶದ ಮಕ್ಕಳಿಗೂ ಮೊದಲು ಸೂರು ಕೊಡಬೇಕಾದದ್ದು ಇದೇ ಪರಿಷತ್ತು. ಹೀಗೆ ಸುಮಾರು 4 ಲಕ್ಷ ಮಕ್ಕಳು ಮತ್ತು ಹರೆಯದವರು ಈ ವ್ಯವಸ್ಥೆಯ ಕಣ್ಗಾವಲಿನಲ್ಲಿ ಇದ್ದಾರೆ. ಸಾಕು ಕುಟುಂಬಗಳಿಗೆ ವಯಸ್ಸಾಗುತ್ತಿದೆ, ಹೊಸಬರು ಬರುತ್ತಿಲ್ಲ. ಜಾಗ ಸಿಗದೆ ಮಕ್ಕಳನ್ನು ಹೋಟೆಲ್ ರೂಮಿನಲ್ಲಿ ಇಡುವ ಪರಿಪಾಠ ಬೆಳೆದಿತ್ತು. 2022ರ ಫೆಬ್ರವರಿಯ ಕಾನೂನು ಅದನ್ನು ಎರಡು ವರ್ಷದೊಳಗೆ ನಿಲ್ಲಿಸಿ ಎಂದಿತು. ಗಡುವು ಮುಗಿದ ಮೇಲೂ ಪೂರ್ತಿ ನಿಲ್ಲಲಿಲ್ಲ. 2025ರ ಏಪ್ರಿಲ್‌ನಲ್ಲಿ ಸಂಸದರ ತನಿಖಾ ಸಮಿತಿ ಕೊಟ್ಟ ವರದಿ ಓದಿದರೆ ಹೊಟ್ಟೆ ತೊಳೆಸುತ್ತದೆ. ಇಲ್ಲಿ ಹಣದ ಮೇಲಷ್ಟೇ ಗೂಬೆ ಕೂರಿಸಲಾಗದು. ಒಂದು ಜಿಲ್ಲೆಯಲ್ಲಿ ತಕ್ಕಮಟ್ಟಿಗೆ ನಡೆಯುವ ಕೆಲಸ ಪಕ್ಕದ ಜಿಲ್ಲೆಯಲ್ಲಿ ಕೆಟ್ಟು ಕೂತಿರುತ್ತದೆ. ಅದು ಪರಿಷತ್ತುಗಳದೇ ಹೊಣೆ.

ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು ಹೀಗೆ ಮನುಷ್ಯರ ಮೇಲೇ ಹೋಗುತ್ತದೆ. ಕಣ್ಣಿಗೆ ಕಾಣುವ ಕೆಲಸಗಳು ಉಳಿದದ್ದರಲ್ಲಿ. 11ರಿಂದ 15ರ ವಯಸ್ಸಿನ ಮಕ್ಕಳ 'ಕೊಲೆಜ್' ಶಾಲೆಗಳಲ್ಲಿ ಮೇಷ್ಟ್ರ ಸಂಬಳ ಸರ್ಕಾರದ್ದು. ಕಟ್ಟಡ, ಹೀಟರು, ಕ್ಯಾಂಟೀನು, ನೆಲ ಒರೆಸುವವರು ಪರಿಷತ್ತಿನವರು. ನೈರುತ್ಯದ ಲಾಂಡ್ ಜಿಲ್ಲೆ 2001ರಷ್ಟು ಹಿಂದೆಯೇ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಲು ಹೊರಟಿತ್ತು. ಅಗ್ನಿಶಾಮಕ ದಳಕ್ಕೂ ಇವರದೇ ಹಣ, ಆದರೆ ಬೆಂಕಿ ಬಿದ್ದ ದಿನ ಆಜ್ಞೆ ಕೊಡುವುದು ಮೇಯರ್ ಇಲ್ಲವೇ ಪ್ರಿಫೆಕ್ಟ್.

ಆಮೇಲೆ ರಸ್ತೆ. ಹಳದಿ ಪಟ್ಟಿಯಲ್ಲಿ 'ಡಿ' ಅಂತ ಬರೆದ ರಸ್ತೆಗಳೆಲ್ಲ ಪರಿಷತ್ತಿನವು, ಒಟ್ಟು 3.7 ಲಕ್ಷ ಕಿ.ಮೀ.ಗೂ ಜಾಸ್ತಿ. 2018ರ ಜುಲೈನಲ್ಲಿ ಪ್ರಧಾನಿ ಎದುವಾರ್ ಫಿಲಿಪ್ ಈ ಥರದ ದ್ವಿಪಥ ರಸ್ತೆಗಳಲ್ಲಿ ವೇಗದ ಮಿತಿಯನ್ನು 90ರಿಂದ 80ಕ್ಕೆ ಇಳಿಸಿದರು. ಪ್ಯಾರಿಸ್ಸಿನ ಮೆಟ್ರೋದಲ್ಲಿ ಓಡಾಡುವವರಿಗೆ 10 ಕಿ.ಮೀ. ಏನೂ ಅಲ್ಲ. ದಿನಾ 40 ಕಿ.ಮೀ. ಕಾರು ಓಡಿಸುವ ಹಳ್ಳಿಯವನಿಗೆ ಅದು ಮೈ ಉರಿಸಿತು. ಅದೇ ನವೆಂಬರ್‌ನಲ್ಲಿ ಹಳದಿ ಅಂಗಿ ತೊಟ್ಟ ಪ್ರತಿಭಟನಾಕಾರರು ಸರ್ಕಾರದ ವಿರುದ್ಧ ಬೀದಿಗೆ ಇಳಿದರಲ್ಲ, ಆ ಸಿಟ್ಟಿನ ಗುಡ್ಡೆಯಲ್ಲಿ ಇದೂ ಒಂದು ಕಡ್ಡಿ. ಮರುವರ್ಷ ಸರ್ಕಾರ ಕೈ ತೊಳೆದುಕೊಂಡಿತು: ಬೇಕಿದ್ದರೆ ಅಧ್ಯಕ್ಷರುಗಳೇ ಮತ್ತೆ 90 ಮಾಡಿಕೊಳ್ಳಲಿ. ಹಲವು ಹಳ್ಳಿ ಜಿಲ್ಲೆಗಳು ಮಾಡಿಕೊಂಡವು. ಮೇಲೆ ನುಂಗಲಾಗದ ತುತ್ತನ್ನು ಕೆಳಗಿನವರ ತಟ್ಟೆಗೆ ಹಾಕುವುದು ಫ್ರಾನ್ಸಿನಲ್ಲಿ ಹಳೆಯ ಅಭ್ಯಾಸ.

ಹಾಗಂತ ಪರಿಷತ್ತುಗಳೇನು ಹಾಲಿನಲ್ಲಿ ತೊಳೆದ ಮುತ್ತುಗಳಲ್ಲ. ದೋರ್ದೋಞ್ ನದಿಯ ದಂಡೆಯಲ್ಲಿ ಬೆನಾಕ್ ಎಂಬ ಚಂದದ ಊರಿದೆ. ಬಂಡೆಯ ತುದಿಯಲ್ಲಿ ಕೋಟೆ, ಬುಡದಲ್ಲಿ ನದಿ, ನಡುವೆ ಕಿರಿದಾದ ಒಂದೇ ರಸ್ತೆ. ಬೇಸಗೆಯಲ್ಲಿ ಪ್ರವಾಸಿಗರ ಕಾರುಗಳ ಸಾಲು. ಅದಕ್ಕೆ ಬೈಪಾಸ್ ಬೇಕೆಂದು ಜಿಲ್ಲಾ ಪರಿಷತ್ತು ನದಿಗೆ ಎರಡು ಸೇತುವೆ ಹಾಕಲು ಹೊರಟಿತು. 2018ರಲ್ಲಿ ಕೆಲಸ ಶುರುವಾಗಿ, ವರ್ಷ ಮುಗಿಯುವ ಮೊದಲೇ ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯ ತಡೆ ಕೊಟ್ಟಿತು. 2019ರಲ್ಲಿ ಬೋರ್ದೋ ನಗರದ ನ್ಯಾಯಾಲಯಗಳು ಕಟ್ಟಿದ್ದನ್ನು ಕೆಡವಿ ಅಂದವು. ಪರಿಷತ್ತು ಪಟ್ಟು ಬಿಡಲಿಲ್ಲ. ವರ್ಷಗಟ್ಟಲೆ ಕಾಂಕ್ರೀಟ್ ಕಂಬಗಳು ಸೇತುವೆ ಇಲ್ಲದೆ ನೀರಿನ ನಡುವೆ ನಿಂತೇ ಇದ್ದವು. ಕಟ್ಟಿದ್ದಕ್ಕೂ ಜನರ ದುಡ್ಡು, ಕೋರ್ಟಿಗೂ ಜನರ ದುಡ್ಡು.

ಈಗ ನೋಟರಿಯ ಮೇಜಿಗೆ ವಾಪಸ್ ಬರೋಣ. 2021ರವರೆಗೆ ಪರಿಷತ್ತಿನ ಕೈಯಲ್ಲಿ ಒಂದು ಗಟ್ಟಿ ತೆರಿಗೆ ಇತ್ತು. ಕಟ್ಟಡಗಳ ಮೇಲಿನ ವಾರ್ಷಿಕ ತೆರಿಗೆ, ನಮ್ಮ ಮನೆ ಕಂದಾಯದಂತೆ. ದರ ಪರಿಷತ್ತೇ ಗೊತ್ತು ಮಾಡುತ್ತಿತ್ತು. ರಾಷ್ಟ್ರಾಧ್ಯಕ್ಷ ಮಾಕ್ರೋಂ ವಾಸದ ಮನೆಗೆ ಕಟ್ಟುವ ಇನ್ನೊಂದು ತೆರಿಗೆಯನ್ನು ತೆಗೆದುಹಾಕುತ್ತೇನೆ ಎಂದು ಮಾತು ಕೊಟ್ಟಿದ್ದರು. ಅದನ್ನು ನಂಬಿದ್ದ ಊರಿನ ಪಂಚಾಯಿತಿಗಳಿಗೆ ಏನಾದರೂ ಕೊಡಬೇಕಲ್ಲ? ಜಿಲ್ಲೆಯ ಕಟ್ಟಡ ತೆರಿಗೆಯನ್ನು ಕಿತ್ತು ಅವರಿಗೆ ಕೊಟ್ಟರು. ಜಿಲ್ಲೆಗಳಿಗೆ ದೇಶದ ಮಾರಾಟ ತೆರಿಗೆಯಲ್ಲಿ ಒಂದು ಪಾಲು ಸಿಕ್ಕಿತು. ಹಣವೇನೋ ಬರುತ್ತದೆ, ಆದರೆ ಹೆಚ್ಚು ಮಾಡುವ, ಕಡಿಮೆ ಮಾಡುವ ಕೀಲಿ ಕೈತಪ್ಪಿತು. ಉಳಿದ ದೊಡ್ಡ ಗಳಿಕೆ ಎಂದರೆ ಮನೆ ಮಾರಾಟದ ಸುಂಕ.

ಮೊದಮೊದಲು ಯಾರೂ ಗೊಣಗಲಿಲ್ಲ. 2021ರಲ್ಲಿ ಸುಮಾರು 12 ಲಕ್ಷ ಹಳೆಯ ಮನೆಗಳು ಕೈ ಬದಲಾಯಿಸಿದವು. ಕೊರೊನಾ ಕಳೆದು ಎಲ್ಲರಿಗೂ ತೋಟದ ಮನೆಯ ಹುಚ್ಚು. ಪರಿಷತ್ತುಗಳ ಗಲ್ಲಾ ತುಂಬಿತು. ಆಮೇಲೆ ಬಡ್ಡಿ ಏರಿತು. 2022ರ ಆರಂಭದಲ್ಲಿ ನೂರಕ್ಕೆ 1ರ ಹತ್ತಿರ ಸಿಗುತ್ತಿದ್ದ ಗೃಹಸಾಲ 2023ರ ಕೊನೆಗೆ 4 ದಾಟಿತು. 2024ರ ಹೊತ್ತಿಗೆ ಮಾರಾಟ 8 ಲಕ್ಷದ ಆಸುಪಾಸಿಗೆ ಕುಸಿಯಿತು. ಎರಡು ವರ್ಷದಲ್ಲಿ ಈ ಸುಂಕದ ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ಕರಗಿತು. ಅದೇ ವರ್ಷಗಳಲ್ಲೇ ಅಜ್ಜಿಯರ ಸಂಖ್ಯೆ, ಗಂಟೆಯ ದರ, ಆಶ್ರಯ ಬೇಕಾದ ಮಕ್ಕಳು, ಎಲ್ಲವೂ ಏರಿದವು. ಬರಗಾಲದಲ್ಲಿ ಅಧಿಕ ಮಾಸ ಅಂದರೆ ಇದೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಬುದ್ಧಿ ಹೇಳುವುದು ಸುಲಭ. ಇಲ್ಲಿ ಹಾಸಿಗೆಯ ಉದ್ದ ಹೇಳುವುದು ಮನೆ ಮಾರುಕಟ್ಟೆ, ಕಾಲಿನ ಉದ್ದ ಹೇಳುವುದು ಪ್ಯಾರಿಸ್. ನಡುವೆ ಮಲಗಿದವನಿಗೆ ಏನು ಬುದ್ಧಿ ಹೇಳುವುದು? ಸಾಲ ಮಾಡಿ ದಿನ ದೂಡೋಣ ಅಂದರೆ ಕಾನೂನು ಬಿಡುವುದಿಲ್ಲ. ಕಟ್ಟಡ, ರಸ್ತೆಗೆ ಸಾಲ ಮಾಡಬಹುದು, ಸಂಬಳಕ್ಕೆ, ಭತ್ಯೆಗೆ ಮಾಡುವಂತಿಲ್ಲ. ಬಜೆಟ್ ಸರಿದೂಗದಿದ್ದರೆ ಪ್ರಿಫೆಕ್ಟ್ ಅದನ್ನು ಪ್ರಾದೇಶಿಕ ಲೆಕ್ಕಪತ್ರ ನ್ಯಾಯಾಲಯಕ್ಕೆ ಕಳಿಸುತ್ತಾನೆ, ಕೊನೆಗೆ ತಾನೇ ಬರೆದು ಜಾರಿ ಮಾಡಬಹುದು. 1982ರಲ್ಲಿ ಕಿತ್ತುಕೊಂಡ ಪೆನ್ನು ಹಿಂಬಾಗಿಲಿನಿಂದ ಅವನ ಕೈಗೇ ಬಂದಂತೆ.

ಹಾಗಾಗಿ ಕತ್ತರಿ ಬೀಳುವುದು ಕಾನೂನು ಕಡ್ಡಾಯ ಮಾಡದ ಕಡೆ. ನಾಟಕದ ತಂಡ, ಊರ ಸಂಗೀತೋತ್ಸವ, ಕ್ರೀಡಾ ಸಂಘ, ಚಿಕ್ಕ ಪಂಚಾಯಿತಿಗಳಿಗೆ ಕೊಡುತ್ತಿದ್ದ ಅನುದಾನ. 2025ರ ಆರಂಭದಲ್ಲಿ ದಕ್ಷಿಣದ ಎರೋ ಜಿಲ್ಲೆ ಸಂಸ್ಕೃತಿಯ ಬಜೆಟ್ಟಿಗೆ ದೊಡ್ಡ ಕತ್ತರಿ ಹಾಕಲು ಹೊರಟಾಗ ಕಲಾವಿದರು ಬೀದಿಗೆ ಬಂದರು. ಕೂಗು ಹಾಕುವವರ ನೋವು ಪೇಪರಿನಲ್ಲಿ ಬರುತ್ತದೆ. ಮನೆ ಸಹಾಯದ ಅರ್ಜಿ ಮೇಜಿನ ಮೇಲೆ ಎರಡು ತಿಂಗಳು ಜಾಸ್ತಿ ಕೂತರೆ, ಸಮಾಜ ಕಾರ್ಯಕರ್ತೆಯ ಖಾಲಿ ಹುದ್ದೆ ತುಂಬದೇ ಉಳಿದರೆ ಅದು ಎಲ್ಲೂ ಬರುವುದಿಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವುದು ಈ ಸದ್ದಿಲ್ಲದ ಕತ್ತರಿ.

2024ರ ನವೆಂಬರ್‌ನಲ್ಲಿ ಆಂಝೆ ನಗರದಲ್ಲಿ ಜಿಲ್ಲೆಗಳ ವಾರ್ಷಿಕ ಸಮಾವೇಶ. ಪ್ರಧಾನಿ ಬಾರ್ನಿಯೆ ಸ್ಥಳೀಯ ಸಂಸ್ಥೆಗಳೆಲ್ಲ ಸೇರಿ 500 ಕೋಟಿ ಯೂರೋ ಉಳಿಸಿಕೊಡಬೇಕು ಎಂದಿದ್ದರು. ಅದರಲ್ಲಿ 220 ಕೋಟಿ ನಮ್ಮ ತಲೆಗೇ ಬೀಳುತ್ತದೆ ಎಂದು ಜಿಲ್ಲೆಗಳ ಸಂಘದ ಅಧ್ಯಕ್ಷ ಫ್ರಾಂಸ್ವಾ ಸೊವಾದೆ ಲೆಕ್ಕ ಇಟ್ಟರು. ಬಲಪಂಥ ಮತ್ತು ನಡುಪಂಥದ ಅಧ್ಯಕ್ಷರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾತು ಕೇಳದಿದ್ದರೆ ಆರ್‌ಎಸ್‌ಎ ಹಣ ಕಟ್ಟುವುದನ್ನೇ ನಿಲ್ಲಿಸುತ್ತೇವೆ ಎಂದು ಹೆದರಿಸಿದರು. ಬಾರ್ನಿಯೆ ಮೆತ್ತಗಾದರು. ತಿಂಗಳೊಳಗೆ ಅವರ ಸರ್ಕಾರವೇ ಬಿತ್ತು. ಜಿಲ್ಲೆಗಳಿಗೆ ಕೊನೆಗೆ ಸಿಕ್ಕ ದೊಡ್ಡ ವರ ಎಂದರೆ ಮನೆ ಸುಂಕವನ್ನು 4.5ರಿಂದ 5ಕ್ಕೆ ಏರಿಸುವ ಅನುಮತಿ. 2025ರ ಏಪ್ರಿಲ್‌ನಿಂದ ಬಹುಪಾಲು ಜಿಲ್ಲೆಗಳು ಏರಿಸಿದವು. ಮೊದಲ ಮನೆ ಕೊಳ್ಳುವವರಿಗೆ ಈ ಏರಿಕೆ ಮಾಫಿ. ಮಿಕ್ಕವರು 2 ಲಕ್ಷದ ಮನೆಗೆ 1,000 ಯೂರೋ ಜಾಸ್ತಿ ಕಟ್ಟಬೇಕು. ಅಲ್ಲಾಡುವ ಕಾಲಿನ ಕುರ್ಚಿ ಎಂದು ದೂರು ಕೊಟ್ಟವನಿಗೆ ಅದೇ ಕಾಲನ್ನು ಸ್ವಲ್ಪ ಉದ್ದ ಮಾಡಿಕೊಟ್ಟ ಹಾಗೆ.

ಇಷ್ಟು ರಗಳೆ ಯಾಕೆ, ಜಿಲ್ಲಾ ಪರಿಷತ್ತನ್ನೇ ತೆಗೆದುಬಿಡಿ ಅನ್ನುವವರು ಹಿಂದಿನಿಂದಲೂ ಇದ್ದಾರೆ. ಊರು, ಊರುಗಳ ಒಕ್ಕೂಟ, ಜಿಲ್ಲೆ, ಹಲವು ಜಿಲ್ಲೆ ಸೇರಿದ ಈಗಿನ ಪ್ರಾಂತ, ದೇಶ: ಈ ಪದರಗಳನ್ನು ಫ್ರೆಂಚರು 'ಮಿಲ್‌ಫೈ' ಎಂಬ ತಿಂಡಿಗೆ ಹೋಲಿಸಿ ನಗುತ್ತಾರೆ. ನಮ್ಮ ಚಿರೋಟಿಯ ಥರ, ಎಲ್ಲಿ ಮುಟ್ಟಿದರೂ ಪುಡಿ. 2008ರಲ್ಲಿ ಸರ್ಕಾರ ನೇಮಿಸಿದ್ದ ಅತ್ತಾಲಿ ಆಯೋಗ ಹತ್ತು ವರ್ಷದಲ್ಲಿ ಜಿಲ್ಲೆಗಳನ್ನು ಮುಗಿಸಿ ಎಂದಿತು. 2014ರಲ್ಲಿ ಪ್ರಧಾನಿ ವಾಲ್ಸ್ 2021ಕ್ಕೆ ಪರಿಷತ್ತುಗಳಿಗೆ ಮಂಗಳ ಹಾಡುತ್ತೇವೆ ಎಂದರು. ಆದರೆ ಅದೇ ಕಾಲಕ್ಕೆ ಪ್ರಾಂತಗಳನ್ನು ಕೂಡಿಸಿ ಆಸ್ಟ್ರಿಯಾ ದೇಶದಷ್ಟು ದೊಡ್ಡ ಪ್ರಾಂತವನ್ನೂ ಮಾಡಿಬಿಟ್ಟರು. ಅಷ್ಟು ದೂರದ ರಾಜಧಾನಿಯಿಂದ ಅಜ್ಜಿಯ ಅಡುಗೆಮನೆಗೆ ಯಾರು ಬರುತ್ತಾರೆ? ಜಿಲ್ಲೆ ಉಳಿಯಿತು. ಅಲ್ಲದೆ ಷಿರಾಕ್, ಓಲಾಂದ್ ಇಬ್ಬರೂ ರಾಷ್ಟ್ರಾಧ್ಯಕ್ಷರಾಗಿ ಎಲಿಸೆ ಅರಮನೆಗೆ ಹೋಗುವ ಮೊದಲು ಕೊರೆಝ್ ಜಿಲ್ಲೆಯ ಅಧ್ಯಕ್ಷರಾಗಿದ್ದವರು. 2025ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿಯಾದ ಲೆಕೊರ್ನ್ಯು 28ನೇ ವಯಸ್ಸಿಗೇ ಯೂರ್ ಜಿಲ್ಲೆಯ ಅಧ್ಯಕ್ಷರು. ಹತ್ತಿದ ಏಣಿಯನ್ನು ಒದೆಯಲು ಅಷ್ಟು ಸುಲಭವಾಗಿ ಮನಸ್ಸು ಬರುವುದಿಲ್ಲ.

ಇನ್ನೊಂದು ದಾರಿಯನ್ನು ಸದ್ದಿಲ್ಲದೆ ಪರೀಕ್ಷಿಸಿ ನೋಡಲಾಗಿದೆ. ಪ್ಯಾರಿಸ್ಸಿನ ಮಗ್ಗುಲಲ್ಲೇ ಇರುವ ಸೆನ್-ಸಾಂ-ದೆನಿ ದೇಶದ ಬಡ ಜಿಲ್ಲೆಗಳಲ್ಲಿ ಒಂದು. ಅಲ್ಲಿ 2022ರಿಂದ ಆರ್‌ಎಸ್‌ಎ ಖರ್ಚನ್ನು ಸರ್ಕಾರವೇ ವಾಪಸ್ ತೆಗೆದುಕೊಂಡಿದೆ. ಪರಿಷತ್ತು ಬಡವರಿಗೆ ಕೆಲಸ ಹುಡುಕಿಕೊಡುವ ಕಡೆ ಗಮನ ಕೊಡಲಿ, ಭತ್ಯೆಯ ಬಿಲ್ಲು ನಾವು ಕಟ್ಟುತ್ತೇವೆ ಅನ್ನುವ ಒಪ್ಪಂದ. ನನಗೆ ಇದೇ ಸರಿ ಅನ್ನಿಸುತ್ತದೆ. ದೇಶಕ್ಕೆಲ್ಲ ಒಂದೇ ದರ ಇರುವ ಭತ್ಯೆಯನ್ನು ದೇಶವೇ ಕೊಡಲಿ. ಅಡುಗೆಮನೆಯಲ್ಲಿ ಕೂತು ಅಜ್ಜಿಯ ಕಾಲು ಎಷ್ಟು ಏಳುತ್ತದೆ ಎಂದು ನೋಡುವ ಕೆಲಸ ಜಿಲ್ಲೆಯದಾಗಿರಲಿ. ಆದರೆ ಇದಕ್ಕೆ ಎಷ್ಟೋ ಅಧ್ಯಕ್ಷರೇ ಒಪ್ಪುವುದಿಲ್ಲ. ಹಣ ಹೋದರೆ ಗತ್ತೂ ಹೋಗುತ್ತದೆ ಅನ್ನುವ ಅಳುಕು ಅವರಿಗೆ.

ಮುಂದಿನ ಜಿಲ್ಲಾ ಚುನಾವಣೆ 2028ರ ಮಾರ್ಚ್‌ನಲ್ಲಿ. ಸುಂಕವನ್ನು 5ಕ್ಕೆ ಏರಿಸಲು ಕೊಟ್ಟ ಅನುಮತಿ ಮುಗಿಯುವುದೂ ಅದೇ ಮಾರ್ಚ್ 31ಕ್ಕೆ.